ಆರಿಸಿ ಕರೆಸಿದವರು

ಆ ಪರದೇಶದ ವೃದ್ಧಾಶ್ರಮದಲ್ಲಿ ಮುದುಕರ ಮೈ ತೊಳೆಯುವುದು ಅವಳ ಕೆಲಸ. ಸಂಬಳ ಗಂಟೆಯ ಲೆಕ್ಕದ್ದು. ಅವಳು ಫೋನಿನಲ್ಲಿ ಕನ್ನಡ ಆಡಿದ್ದು ಕೇಳಿ, ಹೊಸದಾಗಿ ಸೇರಿದ್ದ ಮುದುಕನ ಮುಖ ಅರಳಿತು.

“ಧಾರವಾಡದಾಕಿ ಏನವಾ? ನಾ ಇಲ್ಲೆ ವಲಸೆ ಆಫೀಸಿನ್ಯಾಗ ಇದ್ದೆ. ನಮ್ಮ ಕಡೆ ಡಾಕ್ಟರ್‌ಗಳನ್ನ ಸೋಸಿ ಸೋಸಿ ಆರಿಸಿ ಕರಿಸಿದಾಂವ ನಾನ.”

ಅವಳು ನೆಲಕ್ಕೆ ಕೂತು ಅವನ ಪಾದ ಒರೆಸುತ್ತಿದ್ದಳು. ಬಾವು ಕಂಡಲ್ಲಿ ಹೆಬ್ಬೆರಳು ತಾನಾಗಿಯೇ ಒತ್ತಿತು. ಬಿದ್ದ ಕುಳಿ ಹಾಗೇ ಉಳಿಯಿತು.

“ಕಾಲು ಬಾತು ವಾರ ಆತು, ನೋಡಾಕ ಒಬ್ಬ ಡಾಕ್ಟರ್ ಸಿಗವಲ್ಲ. ಎಲ್ಲೆ ಹೋದರೋ ಅವರೆಲ್ಲಾ!”

ಅವಳು ಕಾಲುಚೀಲ ಏರಿಸಿದಳು.

“ನಂದೂ ಇಂಟರ್‌ವ್ಯೂ ನೀವ ಮಾಡಿ ಆರಿಸಿದ್ರಿ, ಕಾಕಾ. ಇಲ್ಲೆ ಬಂದ ಮ್ಯಾಲೆ ನಮ್ಮ ಡಿಗ್ರಿ ನಡೀಲಿಲ್ಲ. ಆ ಕಾಲು ಕೊಡ್ರಿ.”