ನಲ್ಲಿಗೆ ಕಟ್ಟಿದ ಬಟ್ಟೆ

ಒದ್ದೆ ಬಟ್ಟೆಯ ಮುಗ್ಗುಲು ವಾಸನೆ ಬಂದರೆ ಈಗಲೂ ನಾನು ಅಕ್ಕನ ಮುಖ ನೋಡಲಾರೆ.

ತರೀಕೆರೆಯಲ್ಲಿ ನಮ್ಮ ಮನೆ ಇಳಿಜಾರಿನ ಕೊನೆಗಿತ್ತು. ಹೊಸದಾಗಿ ಹಾಕಿಸಿದ ನಲ್ಲಿಯಲ್ಲಿ ನೀರು ವಿಪರೀತ ರಭಸದಿಂದ ನುಗ್ಗುತ್ತಿತ್ತು. ಅದನ್ನು ತಗ್ಗಿಸಲು ಅಪ್ಪ ನಲ್ಲಿಯ ಬಾಯಿಗೆ ಹಳೇ ಪಂಚೆಯ ಚೂರು ಕಟ್ಟಿದ್ದರು. ಒಂದು ಮಧ್ಯಾಹ್ನ, ನೀರು ಎಷ್ಟು ದೂರ ಚಿಮ್ಮುತ್ತದೋ ನೋಡುವ ಆಸೆಗೆ ನಾನು ಅದನ್ನು ಬಿಚ್ಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ತಿರುಪು ಕಿತ್ತು ಕೈಗೆ ಬಂತು. ಅಕ್ಕ ಓಡಿಬಂದು ಎರಡೂ ಅಂಗೈಯಿಂದ ಒತ್ತಿ ಹಿಡಿದರೂ ನೀರು ನಿಲ್ಲಲಿಲ್ಲ. ಅದು ಮನೆಯೊಳಕ್ಕೆ ಹರಿದು, ವರ್ಷದ ರಾಗಿ ಮೂಟೆಗಳೆಲ್ಲ ನೆನೆದವು.

“ಯಾರ್ಲೇ ಬಿಚ್ಚಿದ್ದು?” ಎಂದರು ಅಪ್ಪ.

“ಅಕ್ಕ ಕಣಪ್ಪಾ,” ಅಂದೆ.

ಅಕ್ಕ ನನ್ನನ್ನೇ ನೋಡಿದಳು.

“ಇಸ್ಕೂಲಲ್ಲಿ ಇದನ್ನೇ ಏನೇ ಕಲ್ತಿದ್ದು? ನಾಳೆಯಿಂದ ಹೋಗ್ಬ್ಯಾಡ. ಮನೇಲಿದ್ದು ನಲ್ಲಿ ಕಾಯಿ,” ಎಂದು ಅಪ್ಪ ಅವಳಿಗೆ ಹೇಳಿದರು.

ಬೆಳಿಗ್ಗೆ ಅಕ್ಕ ತನ್ನ ಸ್ಲೇಟನ್ನು ಒರೆಸಿ ನನ್ನ ಚೀಲಕ್ಕೆ ಹಾಕಿದಳು.