ಚೆಂಡಿಗೆ ಎಣ್ಣೆಸ್ನಾನ

ನಡುರಾತ್ರಿ ಬಚ್ಚಲುಮನೆಯಲ್ಲಿ ‘ಟಕ್’ ಎಂದಿತು. ಶೀಶೆಯ ಮುಚ್ಚಳ ತೆರೆದ ಸದ್ದು. ನಾನು ಮೆಲ್ಲನೆ ಹೋಗಿ ದೀಪ ಹಾಕಿದೆ. ಅತ್ತೆ ಕುಕ್ಕರಗಾಲಿನಲ್ಲಿ ಕೂತು ನನ್ನ ಗಂಡನ ಬೌಲಿಂಗ್ ಚೆಂಡಿಗೆ, ಕ್ರಿಕೆಟ್ಟಿನದಲ್ಲ, ನೆಲದ ಮೇಲೆ ಉರುಳಿಸಿ ಪಿನ್ನುಗಳನ್ನು ಬೀಳಿಸುವ ಆ ಭಾರದ ಚೆಂಡಿಗೆ, ಎಳ್ಳೆಣ್ಣೆ ತಿಕ್ಕುತ್ತಿದ್ದರು.

ಆಟದ ಅಂಕಣದ ಮರದ ಹಾಸಿಗೆ ಬಳಿದಿರುವ ಎಣ್ಣೆಯನ್ನೆಲ್ಲ ಹೀರಿಕೊಂಡಿದ್ದ ಆ ಚೆಂಡನ್ನು ನನ್ನ ಗಂಡ ವಾರದಿಂದ ದಿನಾ ಬೆಳಗ್ಗೆ ಸೋಪು ಬೆರೆಸಿದ ಬಿಸಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡುತ್ತಿದ್ದರು. ದಿನವೂ ಎಣ್ಣೆ ತೇಲುತ್ತಿತ್ತು. “ಎಷ್ಟು ಕುಡಿದಿದೆ ನೋಡೇ!” ಎಂದು ಬೆರಗಾಗುತ್ತಿದ್ದರು.

“ಏನತ್ತೆ ಇದು?”

“ಎಣ್ಣೆ ಹಚ್ಚದೆ ಬರೀ ಬಿಸಿನೀರು ಎರೆದ್ರೆ ಉಷ್ಣ ಆಗಲ್ವೇನೇ? ಅವನಿಗಂತೂ ತಿಳಿಯಲ್ಲ.”

“ಅವರು ತೆಗೀತಿರೋದೇ ಎಣ್ಣೇನ. ಎಣ್ಣೆ ಕುಡಿದ ಚೆಂಡು ತಿರುಗಲ್ಲ, ಸುಮ್ನೆ ಜಾರಿಹೋಗುತ್ತೆ. ಭಾನುವಾರ ಫೈನಲ್ ಸೋತೇಬಿಡ್ತಾರೆ.”

ಅತ್ತೆಯ ಕೈ ನಿಂತಿತು. “ಅಯ್ಯೋ, ಹೌದೇನೇ?”

ಇಬ್ಬರೂ ಸೀಗೇಪುಡಿ ಹಾಕಿ ಚೆಂಡನ್ನು ಉಜ್ಜಿ ತೊಳೆದೆವು.

ಬೆಳಗ್ಗೆ ಬಕೆಟ್ಟಿನಲ್ಲಿ ಎಣ್ಣೆ ತೇಲಲಿಲ್ಲ. ಗಂಡ ಹಿಗ್ಗಿ, ಫೈನಲ್‌ನಲ್ಲಿ ತಮ್ಮೆದುರು ಆಡಲಿರುವ ಗೆಳೆಯನಿಗೂ ಫೋನ್ ಮಾಡಿ ಹೇಳಿದರು. ಸಂಜೆ ಆತ ತನ್ನ ಚೆಂಡನ್ನು ಹೊತ್ತು ತಂದ.

“ನಂದನ್ನೂ ಒಂದ್ಸಲ ಕ್ಲೀನ್ ಮಾಡ್ಕೊಡೋ ಮಾರಾಯ.”

ಅತ್ತೆಯೇ ಮುಂದೆ ಬಂದು ಇಸಿದುಕೊಂಡರು. “ಇಟ್ಟು ಹೋಗಪ್ಪಾ. ನಾನೇ ನಿಂತು ನೋಡ್ಕೋತೀನಿ.”

ಆ ರಾತ್ರಿ ಮತ್ತೆ ‘ಟಕ್’ ಎಂದಿತು.

“ಏನೇ ಅದು?” ಎಂದು ಗಂಡ ಮಗ್ಗುಲಾದರು.

“ಹಲ್ಲಿ. ಮಲಕ್ಕೊಳ್ಳಿ,” ಎಂದೆ. ಇದನ್ನು ಯಾರಿಗೂ ಹೇಳುವುದಿಲ್ಲವೆಂದು ಸಂಜೆಯೇ ನಿರ್ಧರಿಸಿ, ಹೊಸ ಎಣ್ಣೆ ಶೀಶೆಯನ್ನು ಅತ್ತೆಯ ಕೈಗೆ ಎಟಕುವಂತೆ ಇಟ್ಟಿದ್ದೆ.