ಮಾಮಿಯ ಆಳಾಕ್ಕು

ಗಂಡ ಅಭಿಲಾಷ್‌ನ ತಿಥಿ ಮುಗಿದು ನೆಂಟರೆಲ್ಲ ಊರಿಗೆ ಹೊರಟ ಮರುದಿನ ಬೆಳಿಗ್ಗೆ, ಮೌನ ಅವನ ಮೇಜಿನ ಮೇಲಿದ್ದ ಹಿತ್ತಾಳೆಯ ಆಳಾಕ್ಕನ್ನು ಎತ್ತಿಕೊಂಡಳು. ಎದುರು ಮನೆಯ ಜಯಲಕ್ಷ್ಮೀ ಮಾಮಿ ಅಕ್ಕಿ ಅಳೆಯುವ ಜೋಡಿ ಲೋಟಗಳಲ್ಲಿ ಒಂದು ಅದು. ಅಭಿಲಾಷ್ ಕೇಳಿ ತಂದು ತಿಂಗಳಾಗಿತ್ತು. ಇನ್ನಾದರೂ ಹಿಂದಿರುಗಿಸಬೇಕು.

ಮಾಮಿ ಮನೆಯಲ್ಲೇ ಅಡುಗೆ ಮಾಡಿ ಶೋಳಿಂಗನಲ್ಲೂರಿನ ಆಫೀಸುಗಳಿಗೆ ಕಳಿಸುತ್ತಾರೆ. ಪೊಂಗಲಿಗೆ ಅಕ್ಕಿ ಅಳೆಯುವುದು ಅವರ ತಾಯಿಯ ಕಾಲದಿಂದ ಆಳಾಕ್ಕಿನಲ್ಲಿ. ಮೌನಳಿಂದ ಕಲಿತ ಬಿಸಿಬೇಳೆಬಾತಿಗೆ ಪಾವಿನಲ್ಲಿ. ದಿನಕ್ಕೆ ಒಟ್ಟು ಎಷ್ಟು ಅಕ್ಕಿ ಬೇಕೆಂದು ಫೋನಿನಲ್ಲೇ ನೋಡಲು ಅಭಿಲಾಷ್ ಒಂದು ವೆಬ್ ಪುಟ ಮಾಡಿಕೊಟ್ಟಿದ್ದ. ಆ ಪುಟ ಬರೆದ ಜಾವಾಸ್ಕ್ರಿಪ್ಟ್ ಭಾಷೆಗೆ ಸಂಖ್ಯೆ ಕೂಡುವುದು ಗೊತ್ತು; ಆಳಾಕ್ಕನ್ನೂ ಪಾವನ್ನೂ ಕೂಡುವುದು ಗೊತ್ತಿಲ್ಲ. ಕೂಡುವ ಚಿಹ್ನೆ ಎದುರಾದಾಗ ತಾನು ಎಷ್ಟು ಮಿಲಿಲೀಟರ್ ಎಂದು ಹೇಳುವುದನ್ನು ಅವನು ಪ್ರತಿ ಅಳತೆಗೂ ಕಲಿಸಿದ್ದ.

ಮೌನಳದೂ ಅದೇ ಪ್ರೋಗ್ರಾಮಿಂಗ್ ಕೆಲಸ. ಲ್ಯಾಪ್‌ಟಾಪ್ ತೆರೆದು ಅವನು ಬರೆದದ್ದನ್ನು ಓದಿದಳು. ಮಾಮಿಯ ಆಳಾಕ್ಕು: ಇನ್ನೂರು. ನೀರು ತುಂಬಿ ಅಳೆದಳು. ನೂರ ಎಂಬತ್ತು. ಇನ್ನೊಮ್ಮೆ ಅಳೆದಳು. ಅಷ್ಟೇ.

ಅಂದಾಜಿಗೆ ಬರೆದುಬಿಟ್ಟಿದ್ದಾನೆ. ಅವನ ಕೊನೆಯ ಕೆಲಸದಲ್ಲಿ ತಪ್ಪು ಉಳಿಯುವುದು ಬೇಡವೆಂದು ತಿದ್ದಿ ಸೇವ್ ಮಾಡಿದಳು. ಈ ಹದಿಮೂರು ದಿನಗಳಲ್ಲಿ, ಯಾರೂ ಹೇಳಿಕೊಡದೆ ಅವಳು ಅವನಿಗಾಗಿ ಮಾಡಿದ ಮೊದಲ ಕೆಲಸ ಅದು.

ಆಳಾಕ್ಕನ್ನು ಒರೆಸಿಕೊಂಡು ಹೋಗಿ ಎದುರು ಮನೆಯ ಹೊಸಿಲಾಚೆ ನಿಂತಳು.

"ಅಲ್ಲೇ ಯಾಕಮ್ಮಾ ನಿಂತೆ? ಉಳ್ಳ ವಾ," ಮಾಮಿ ತಮ್ಮ ತಮಿಳುಗನ್ನಡದಲ್ಲಿ ಹೇಳುತ್ತ ಕೈಹಿಡಿದು ಒಳಗೆ ಕರೆದರು. "ಸಾಪ್ಟಿಯಾ? ಏನೂ ತಿಂದಿಲ್ಲ, ಮುಖ ನೋಡಿದ್ರೇ ತಿಳಿಯತ್ತೆ. ಇರು, ಕಾಫಿ ಕೊಡ್ತೀನಿ. ಮೊದಲು ಈ ಫೋನ್ ನೋಡು. ಕಾತ್ತಾಲೆ ಎದ್ದಾಗ ಹನ್ನೆರಡು ಲೀಟರ್ ಅಕ್ಕಿ ಅಂತಿತ್ತು. ಈಗ ಹನ್ನೊಂದು ಚಿಲ್ಲರೆ ಅನ್ನತ್ತೆ. ಅಷ್ಟರಲ್ಲಿ ಯಾರು ಊಟ ಬೇಡ ಅಂದ್ರು?"

"ನಾನೇ ತಿದ್ದಿದೆ ಮಾಮಿ. ಅಭಿ ಇನ್ನೂರು ಅಂತ ಬರ್ದಿದ್ರು. ನೀರು ಹಾಕಿ ಅಳೆದೆ, ಇದು ಹಿಡಿಯೋದು ನೂರ ಎಂಬತ್ತೇ."

"ನೀರಾ?"

ಮಾಮಿ ಅವಳ ಕೈಯಿಂದ ಆಳಾಕ್ಕನ್ನು ತೆಗೆದುಕೊಂಡು ಅಕ್ಕಿ ಮೂಟೆಯೊಳಗೆ ಮುಳುಗಿಸಿ ಎತ್ತಿದರು. ಅಂಚು ಕಾಣದಂತೆ, ಅದರ ಮೇಲೆ ಅಕ್ಕಿ ಗೋಪುರವಾಗಿ ನಿಂತಿತ್ತು.

"ನಮ್ಮನೇಲಿ ತಲೆ ಸವರಿ ಅಳೆಯೋ ಪಳಕ್ಕವೇ ಇಲ್ಲ. ಅವನಿಗೆ ಗೊತ್ತು. ಇಲ್ಲೇ ಸ್ಟೂಲ್ ಹಾಕ್ಕೊಂಡು ಕೂತು ಹತ್ತು ಸಲ ಎತ್ತಿಸಿದ. ಮೇಲೆ ನಿಂತಿರೋದನ್ನೂ ಸೇರಿಸ್ಬೇಕು ಮಾಮಿ ಅಂತ ಒಂದೇ ಹಟ. ನನ್ನ ಕೈ ಬಿದ್ದುಹೋಯ್ತು ಪೋ."

ಮೌನ ಗೋಪುರವನ್ನೇ ನೋಡುತ್ತ ನಿಂತಳು.

"ಅವರು ಬರ್ದಿದ್ದೇ ಸರಿ," ಎಂದಳು. "ಹೋಗಿ ಮತ್ತೆ ಅದನ್ನೇ ಹಾಕ್ತೀನಿ."

"ಆಮೇಲೆ ಹೋಗುವಿಯಂತೆ. ಮೊದಲು ಇದನ್ನ ಆ ಪಾತ್ರೇಗೆ ಹಾಕು."

ಮಾಮಿ ತುಂಬಿದ ಆಳಾಕ್ಕನ್ನು ಅವಳ ಅಂಗೈಯಲ್ಲಿಟ್ಟರು. ಪಾತ್ರೆ ಒಲೆಯ ಪಕ್ಕದಲ್ಲಿತ್ತು, ಆರು ಹೆಜ್ಜೆ ದೂರ. ಮೌನ ಇನ್ನೊಂದು ಕೈಯನ್ನು ಕೆಳಗೆ ಆನಿಸಿ, ಉಸಿರು ಬಿಗಿಹಿಡಿದು ನಡೆದಳು. ಒಂದು ಕಾಳೂ ಬೀಳಲಿಲ್ಲ.